ಟೈಲರ್ ಮನೆಯ ಮೂರನೇ ಬಾಟಲಿ

"ಮತ್ತೆ ಮೀನು ತಿಂದ್ರಾ?"

ಟೈಲರ್ ತಲೆ ತಗ್ಗಿಸಿದ. "ನಿನ್ನೆ, ಸ್ವಲ್ಪ."

ಎರಡನೆಯ ಸಲವೂ ಅವನ ಬಾಟಲಿಯನ್ನು ಚೆಲ್ಲಬೇಕಾಯಿತು. ಮುಚ್ಚಿಹೋದ ಕಾರ್ಖಾನೆಯ ಬೂದಿಯಿಂದ ಆ ಬೀದಿಯ ಮಣ್ಣಿಗೆ ಆರ್ಸೆನಿಕ್ ಸೇರಿತ್ತು. ಆ ವಿಷ ಯಾರ ಮೈಗೆ ಎಷ್ಟು ಹೋಗಿದೆ ಎಂದು ನೋಡಲು ಮನೆಮನೆಯಿಂದ ಮೂತ್ರದ ಸ್ಯಾಂಪಲ್ ತರುವುದು ನನ್ನ ಕೆಲಸ. ಕೊಡುವ ಮುಂಚೆ ಮೂರು ದಿನ ಮೀನು ಮುಟ್ಟಬಾರದು, ಮುಟ್ಟಿದರೆ ರಿಪೋರ್ಟ್ ತಪ್ಪು ಬರುತ್ತದೆ.

ಬೈಯಬೇಕೆಂದುಕೊಂಡೆ. ಅವನು ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಓರೆಗಣ್ಣಿನಲ್ಲಿ ನೋಡಿ, "ಹಾಗಾದ್ರೆ ನೀವು ಮತ್ತೆ ಬರ್ಬೇಕಾಗುತ್ತೆ, ಅಲ್ವಾ ಮೇಡಂ?" ಎಂದ. ನಾನು ಫಾರ್ಮಿನಲ್ಲಿ ಮುಂದಿನ ವಾರದ ತಾರೀಖು ಬರೆದೆ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಉಂಡು ಮಲಗುವ ನನಗೆ ಆ ವಾರ ಕಳೆಯುವುದೇ ಕಷ್ಟವಾಯಿತು.

ಮೂರನೆಯ ಸಲ ಹೋದಾಗ ಪಕ್ಕದ ಮನೆಯ ಅಜ್ಜಿ ಗೇಟಿನಲ್ಲಿದ್ದರು. "ಈ ಟೈಲರ್ ಇವತ್ತಾದ್ರೂ ಮೀನು ಬಿಟ್ಟಿದಾರಾ ಅಜ್ಜಿ?" ಎಂದೆ.

"ಅವನಾ? ನಾನು ಮೀನು ಹುರಿದ್ರೆ ಮೂಗು ಮುಚ್ಕೊಂಡು ಕಿಟಕಿ ಹಾಕ್ಕೋತಾನಲ್ಲಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. "ಇದೇನು ಹುಡುಗಾಟನಾ? ಸುಮ್ಮನೆ ಎರಡು ವಾರ ಹಾಳಾಯ್ತಲ್ರೀ," ಎಂದೆ ಒಳಗೆ ಹೋಗಿ ಅವನಿಗೆ.

"ಅಮ್ಮ ಹೋಗಿ ಎರಡು ವರ್ಷ," ಎಂದ ಮೆಲ್ಲಗೆ. "ಬಟ್ಟೆ ಕೊಡೋರು ಬರ್ತಾರೆ, ಹೋಗ್ತಾರೆ. ಊಟ ಸೇರುತ್ತಾ, ನಿದ್ದೆ ಬರುತ್ತಾ ಅಂತ ಕೇಳಿದ್ದು ನೀವೊಬ್ರೇ."

"ಅದು ಫಾರ್ಮಲ್ಲಿರೋ ಪ್ರಶ್ನೆ."

"ಗೊತ್ತು."

ನಗು ಬಂತು, ಅಳುವೂ ಬಂತು. ಬಾಟಲಿ ತೆಗೆದುಕೊಂಡು ಹೊರಟುಬಿಟ್ಟೆ.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಆರ್ಸೆನಿಕ್ ಇರಬಹುದಾದ್ದಕ್ಕಿಂತ ನಾಲ್ಕು ಪಟ್ಟು ಇತ್ತು. ಅವನ ಅಮ್ಮ ಹಿತ್ತಲಲ್ಲಿ ಮಾಡಿದ್ದ ಪಾತಿಯ ಸೊಪ್ಪನ್ನೇ ಅವನು ದಿನವೂ ತಿನ್ನುತ್ತಿದ್ದ. ಮಣ್ಣು ಬದಲಿಸುವವರೆಗೆ, ಎಂದರೆ ಒಂದು ವರ್ಷ, ಅವನು ಮನೆ ಬಿಡಬೇಕು. ದೂರದ ಊರಿನಲ್ಲಿ ಅವನ ಅಕ್ಕ ಇದ್ದಳು. ಅಲ್ಲಿಗೆ ಹೋಗಿ ಎಂದು ಹೇಳಬೇಕಾದವಳು ನಾನೇ.

ಅವನು ಕಾಗದ ಓದಿ ಮಡಿಸಿಟ್ಟ. "ನೀವು ಇರು ಅಂದ್ರೆ ಇಲ್ಲೇ ಇರ್ತೀನಿ."

ಇರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಆಸೆ ನನಗೆ.

"ಹೋಗಿ," ಎಂದೆ. "ನೀವಿಲ್ಲಿದ್ರೆ ನನಗೆ ನಿದ್ದೆ ಬರಲ್ಲ."

"ಹೋದ್ರೆ?"

"ಆಗ್ಲೂ ಬರಲ್ಲ. ಆದ್ರೆ ನೀವು ಚೆನ್ನಾಗಿರ್ತೀರಿ." ಪೆನ್ನು ಚಾಚಿದೆ. "ಅಕ್ಕನ ಮನೆ ವಿಳಾಸ ಬರೀರಿ. ಭಾನುವಾರ ನನಗೆ ರಜಾ."

ಅವನು ನಿಧಾನವಾಗಿ, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದುಕೊಟ್ಟ. ನಾನು ಹೊರಗೆ ಬಂದು ಗೇಟು ಹಾಕಿದೆ. ಆ ಬೀದಿಯಲ್ಲಿ ಇನ್ನೂ ಹನ್ನೊಂದು ಮನೆ ಬಾಕಿ ಇದ್ದವು.