ದುಗ್ಗಮ್ಮನ ಚಾಪೆ

"ಟೀಚರ್, ಚಾಪೆ ಕಾಣ್ತಾ ಇಲ್ಲ!"

ಚಾಪೆ ಹೆಣೆಯುವ ಸಂಘದ ನಶೀದಾ ಹೀಗೆಂದು ಓಡಿ ಬಂದಾಗ ನಾವಿನ್ನೂ ಸುಳ್ಯದ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆವು. ಪುತ್ತೂರಿನ ರುಖಿಯಾ ಟೀಚರು ಶಾಲೆಯಿಂದ ನಿವೃತ್ತರಾದರೂ ಊರವರ ಒಗಟು ಬಿಡಿಸುವ ಕೆಲಸದಿಂದ ನಿವೃತ್ತರಾಗಿರಲಿಲ್ಲ. ಅವರ ಕಾರು ಓಡಿಸುವವಳು ನಾನು, ಅಜ್ಜಾವರದ ಭವಿತಾ. ಬುದ್ಧಿ ಅವರದ್ದು, ಸಿಟ್ಟು ನನ್ನದು ಎಂದು ಎಲ್ಲರೂ ತಮಾಷೆ ಮಾಡುತ್ತಾರೆ.

ಅಂದು 'ಘಟ್ಟದ ಊಟ'. ಪುಷ್ಪಗಿರಿ ತಪ್ಪಲಿನ ಅಡುಗೆ, ಹಾಡು. ಬಂದ ದೇಣಿಗೆಯೆಲ್ಲ ಚಾಪೆ ಹೆಣೆಯುವ ಹೆಂಗಸರ ಸಂಘಕ್ಕೆ. ಊಟದ ಬಳಿಕ ಕಡಬದ ದುಗ್ಗಮ್ಮ ಹೆಣೆದ ಚಾಪೆಯನ್ನು ಬಿಡಿಸಿ, ಅವರ ಹೆಸರನ್ನು ಮೊದಲ ಸಲ ಮೈಕಿನಲ್ಲಿ ಹೇಳುವುದಿತ್ತು.

"ಎರಡು ಪದರದ್ದು, ಟೀಚರ್. ಮೇಲೆ ಬಣ್ಣದ ಎಲೆಯಲ್ಲಿ ಇಡೀ ಪುಷ್ಪಗಿರಿ ಉಂಟು, ಅಡಿ ಸಾದಾ. ನಮಾಜಿಗೆ ಹೋಗುವಾಗ ಉಗ್ರಾಣದ ಬೀಗದ ಕೈ ಮೊಳೆಗೆ ಸಿಕ್ಕಿಸಿದ್ದೆ," ಎಂದು ನಶೀದಾ ಅತ್ತಳು.

"ಬೀಗದ ಕೈ ಇವಳಿಗೆ ಕೊಟ್ಟದ್ದೇ ತಪ್ಪು," ಎಂದ ಶ್ರೀರಾಮ, ವೇದಿಕೆಯ ಮೆಟ್ಟಿಲುಗಳನ್ನು ಹಾರಿ ಇಳಿಯುತ್ತಾ. ಸಂಘದ ಚಾಪೆಗಳನ್ನು ಮಾರುವ ಅಂಗಡಿಯವನು ಅವನು. ಅಲ್ಲಿ 'ನಮ್ಮದೇ ವಿನ್ಯಾಸ' ಎಂಬ ದೊಡ್ಡ ಬೋರ್ಡು ಉಂಟು. "ಹೆಂಗಸರಿಗೆ ಸುಸ್ತಾಗಿದೆ ಅಂತ ಊಟದ ಚಾಪೆ ಸಹ ನಾನೇ ಹಾಸಿದೆ. ಸಂಘದ ಕೆಲಸ ಹೀಗಾದರೆ ಹೇಗೆ ಮಾರಾಯ್ರೆ?"

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಟೀಚರು ನನ್ನ ಕೈ ಒತ್ತಿದರು.

ಚೀಲ, ವಾಹನ, ಉಗ್ರಾಣ ಎಲ್ಲ ಜಾಲಾಡಿದರೂ ಚಾಪೆ ಸಿಗಲಿಲ್ಲ. "ಊಟ ನಿಲ್ಲಿಸುದು ಬೇಡ," ಎಂದರು ಟೀಚರು. ಮಂಡಿನೋವಿನವರು ಗೋಡೆ ಬದಿಯ ಕುರ್ಚಿಗಳಲ್ಲಿ ಕುಳಿತರು, ಉಳಿದವರು ನೆಲದ ಪಂಕ್ತಿಯಲ್ಲಿ. ಎಳೆ ಬಿದಿರಿನ ಕಣಿಲೆ ಗಸಿ ಬಂತು, ಪಾಯಸ ಬಂತು. ಶ್ರೀರಾಮನ ಎದುರು ಬಡಿಸುತ್ತಿದ್ದ ಸಂಘದ ಫಸೀಲಾ ಅವನು ಕೂತ ಚಾಪೆಯ ಅಂಚು ಎಡವಿ ಪಾಯಸ ಚೆಲ್ಲಿದಳು. ಮಜ್ಜಿಗೆಯೂ ಮುಗಿದು ಎಲ್ಲರೂ ಒಟ್ಟಿಗೆ ಎದ್ದರು. ಶ್ರೀರಾಮ ಮಾತ್ರ ಏಳಲಿಲ್ಲ.

"ಮಂಡಿ ಹಿಡ್ಕೊಂಡಿದೆ. ನೀವು ಹೋಗಿ."

"ಯಾರೂ ಹೋಗುದು ಬೇಡ," ಎಂದರು ಟೀಚರು. "ಕೈ ಆಮೇಲೆ ತೊಳೆಯುವ." ಎಂಜಲು ಕೈಯಲ್ಲೇ ಎಲ್ಲರೂ ಸುತ್ತ ನಿಂತರು.

"ನಮ್ಮಲ್ಲಿ ಪಂಕ್ತಿ ಕೂತವರು ಒಟ್ಟಿಗೆ ಏಳುದು ಮರ್ಯಾದೆ. ಅದನ್ನು ಮುರಿಯಬೇಕಾದರೆ ದೊಡ್ಡ ಕಾರಣ ಬೇಕು. ಆಗ ಮೆಟ್ಟಿಲು ಹಾರಿದ ಮಂಡಿಗೆ ಈಗ ನೋವಾ? ನೋವಿದ್ದರೆ ಕುರ್ಚಿ ಇತ್ತಲ್ಲ! ಫಸೀಲಾ ಎಡವಿದಾಗ ನೋಡಿದೆ, ಉಳಿದ ಚಾಪೆಗಳು ತೆಳ್ಳಗೆ, ಇದೊಂದು ದಪ್ಪ. ಎರಡು ಪದರ. ಚೀಲದಲ್ಲಿ ಅಡಗಿಸಿದ್ದರೆ ಸಿಗ್ತಿತ್ತು. ಮಗುಚಿ ಹಾಸಿದರೆ ಸಾದಾ ಚಾಪೆ, ಯಾರು ನೋಡ್ತಾರೆ? ಹಾಸಿದ್ದು ನಾನೇ ಅಂತ ಅವರೇ ಹೇಳಿದ್ದಾರೆ. ಹೆಂಗಸರು ಸುತ್ತಲಿಕ್ಕೆ ಬಂದರೆ ಕೈಗೆ ಗೊತ್ತಾಗ್ತದೆ. ಅದಕ್ಕೇ ಎದ್ದಿಲ್ಲ."

"ಆದರೆ ಯಾಕೆ ಟೀಚರ್?" ಎಂದೆ.

"ದುಗ್ಗಮ್ಮನ ಹೆಸರು ಮೈಕಿನಲ್ಲಿ ಬಂದರೆ ಅಂಗಡಿಯ ಆ 'ನಮ್ಮದೇ ವಿನ್ಯಾಸ' ಬೋರ್ಡು ಎಲ್ಲಿಡುದು, ಭವಿತಾ?"

ಶ್ರೀರಾಮ ತಲೆ ತಗ್ಗಿಸಿ ಎದ್ದ. "ತಪ್ಪಾಯ್ತು ನಶೀದಾ," ಎಂದ. ನಶೀದಾ ಬಗ್ಗಿ ಚಾಪೆ ಮಗುಚಿದಳು. ಹಸಿರು, ಕೆಂಪು, ಕಪ್ಪು ಎಲೆಗಳಲ್ಲಿ ಪುಷ್ಪಗಿರಿಯ ಸಾಲು ಎದ್ದು ನಿಂತಿತು. ಅಬ್ಬಾ! ಇಡೀ ಸಭೆ ಚಪ್ಪಾಳೆ ಮರೆತು ನೋಡಿತು. ಇದು ನಮ್ಮೂರಿನ ಕೈಕೆಲಸ ಎಂದು ನನ್ನ ಎದೆ ಉಬ್ಬಿತು.

ಮೈಕನ್ನು ನಶೀದಾಳೇ ದುಗ್ಗಮ್ಮನ ಕೈಗೆ ಕೊಟ್ಟಳು. ಅವರು ಎಂದೂ ಮೈಕು ಹಿಡಿದವರಲ್ಲ.

"ಕೂತದ್ದಕ್ಕೆ ನಂಗೆ ಬೇಜಾರಿಲ್ಲ," ಎಂದರು ದುಗ್ಗಮ್ಮ. "ಚಾಪೆ ಇರುದೇ ಕೂರ್ಲಿಕ್ಕೆ. ಹೆಣೆದದ್ದು ದುಗ್ಗಮ್ಮ, ಅಷ್ಟು ಹೇಳಿ ಕೂತ್ಕೊಳ್ಳಿ."