ಮುಚ್ಚಿದ ಕೆರೆಯ ತೂಬು

ಪಾಂಡವಪುರದ ಹತ್ತಿರ, ಮುಚ್ಚಿದ ಕೆರೆಯ ಮೇಲೆ ಆಫೀಸು ಕಟ್ಟಡ ಎಬ್ಬಿಸುತ್ತಿದ್ದೆವು. ಭೂಮಿ ನಡುಗಿದರೂ ಬಿರುಕು ಬಿಡಬಾರದೆಂದು ಕಂಬಗಳಡಿ ರಬ್ಬರ್ ದಿಂಬು ಕೂರಿಸುವಷ್ಟರಲ್ಲಿ ನಾನು ಸೋತು ಸುಣ್ಣವಾಗಿದ್ದೆ. ಒಂದು ಮಧ್ಯಾಹ್ನ ನೆಲಮಾಳಿಗೆಯಲ್ಲಿ ಹಾಗೇ ಒರಗಿದೆ. ಸುಡುಬೇಸಿಗೆಯಲ್ಲೂ ನೆಲ ತಣ್ಣಗೆ ಕೊರೆಯುತ್ತಿತ್ತು. ಅಡಿಯಲ್ಲಿ ನೀರು ಹರಿಯುವ ಸದ್ದು. ಬುಡದಲ್ಲಿ ನೀರಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ದಂಡ.

ಪಕ್ಕದಲ್ಲಿ ಮಲಗಿದ್ದ ಮೇಸ್ತ್ರಿ ಚಲುವರಾಜುವನ್ನು ಅಲುಗಿಸಿದರೆ ಅವನು ಏಳಲೂ ಇಲ್ಲ. "ನೀರುಗಂಟಿ ತೂಬು ಎತ್ತಿ ಗದ್ದೆಗ್ ನೀರ್ ಬುಡ್ತಾವ್ನೆ. ಮನೀಕಳಿ ಸಾ."

"ಕೆರೆಯೇ ಇಲ್ಲವಲ್ಲಯ್ಯ?"

"ಮುಚ್ಚಾಕ್ ಮುಂಚೇನೆ ಸತ್ತೋದ. ಕೆರೆ ಮುಚ್ಚವ್ರೆ ಅಂತ ಅವನ್ಗೆ ಯಾರೂ ಏಳ್ನಿಲ್ಲ."

ಮಾರನೆಯ ದಿನ ನೆಲ ಕೊರೆಸಿದೆ. ಕೊರೆದ ಕಡೆಯೆಲ್ಲ ಒಣ ಮಣ್ಣೇ ಬಂತು. ಗದ್ದೆಗಳಿಗೆ ನೀರುಣಿಸುವ ನಾಲೆಯೂ ಬತ್ತಿ ತಿಂಗಳಾಗಿತ್ತು. ಆದರೂ ಹಳೇ ಕೆರೆ ಏರಿಯ ಕೆಳಗಿನ ಗದ್ದೆಯಲ್ಲಿ ಹೆಂಗಸರು ಸೀರೆ ಎತ್ತಿಕಟ್ಟಿ, ಕೆಸರಲ್ಲಿ ನಾಟಿ ಹಾಕುತ್ತಿದ್ದರು.