ಭಾರದರ್ಶಿಗೆ ಕಾಣದ ಗೋಡೆ

ಗೋಡೆಗೆ ಅಂಟಿಸಿದ್ದ ನಾನೂರು ಮಣಿಗಳು ಒಮ್ಮೆಲೇ ಮಿನುಗಿದವು. ಒಂದೊಂದೂ ಕಡಲೆಕಾಳಿನಷ್ಟು ಚಿಕ್ಕದು. ಮೇಸ್ತ್ರಿ ದಾವಲಸಾಬ ಮರದ ಸುತ್ತಿಗೆಯಿಂದ ಗೋಡೆಯ ಬುಡಕ್ಕೆ ಮೂರು ಏಟು ಹಾಕಿದ. ಆ ಸದ್ದು ಇಟ್ಟಿಗೆಯಿಂದ ಇಟ್ಟಿಗೆಗೆ ದಾಟಿ ಮೇಲೇರಿತು. ಭಾರ ಹೊತ್ತು ಬಿಗಿಯಾಗಿ ಅದುಮಿಕೊಂಡ ಇಟ್ಟಿಗೆಗಳಲ್ಲಿ ಸದ್ದು ಬೇಗ ಹರಿಯುತ್ತದೆ, ಸಡಿಲವಾಗಿ ಕೂತವುಗಳಲ್ಲಿ ತಡವಾಗುತ್ತದೆ. ಯಾವ ಮಣಿಗೆ ಸದ್ದು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದರಿಂದ ಯಾವ ಇಟ್ಟಿಗೆ ಎಷ್ಟು ಭಾರ ಹೊತ್ತಿದೆ ಎಂದು ಯಂತ್ರ ತಿಳಿದುಕೊಂಡಿತು. ಡಾ. ಗೌರಾ ಹಂಪಿಹೊಳಿಯ ಕೈಯಲ್ಲಿದ್ದ ಪರದೆಯ ಮೇಲೆ ಗೋಡೆಯ ಚಿತ್ರ ಮೂಡಿತು. ಹೆಚ್ಚು ಭಾರವಿದ್ದಲ್ಲಿ ಕೆಂಪು, ಮಧ್ಯಮ ಇದ್ದಲ್ಲಿ ಹಳದಿ, ಭಾರವಿಲ್ಲದಲ್ಲಿ ಹಸಿರು.

ಅದರ ಹೆಸರು ಭಾರದರ್ಶಿ. ಹಳೆಯ ಕಟ್ಟಡ ಕೆಡವುವುದೆಂದರೆ ಕಟ್ಟಿದ್ದನ್ನು ತಲೆಕೆಳಗಾಗಿ ಬಿಚ್ಚುವುದು. ಕೊನೆಗೆ ಇಟ್ಟ ಇಟ್ಟಿಗೆಯನ್ನು ಮೊದಲು ತೆಗೆಯಬೇಕು. ಆದರೆ ನೂರೈವತ್ತು ವರ್ಷ ಹಳೆಯ ಕಟ್ಟಡದಲ್ಲಿ ಯಾರು ಯಾವಾಗ ಯಾವ ಬಾಗಿಲು ಒಡೆದರೋ, ಯಾವ ಕಂಬ ಕಿತ್ತರೋ ಬಲ್ಲವರಿಲ್ಲ. ಯಾರಿಗೂ ತಿಳಿಯದ ಹಾಗೆ ಒಂದು ಗೋಡೆ ಇನ್ನೊಂದರ ಭಾರ ಹೊತ್ತಿರುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಗೌರಾ. ಹದಿನಾಲ್ಕು ವರ್ಷದ ದುಡಿಮೆ. ಕಳೆದ ಆರು ವರ್ಷಗಳಲ್ಲಿ ಭಾರದರ್ಶಿ ಇಟ್ಟು ಕೆಡವಿದ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಒಬ್ಬರಿಗೂ ಪೆಟ್ಟಾಗಿರಲಿಲ್ಲ. ಈಗ ಅದು ಹೇಳಿದ ಕ್ರಮವೇ ಕಾನೂನು. ಹಸಿರು ಬಂದರೆ ಸುತ್ತಿಗೆ ಎತ್ತಬಹುದು, ಕೆಂಪಿದ್ದರೆ ಮುಟ್ಟುವಂತಿಲ್ಲ.

ಹುಬ್ಬಳ್ಳಿಯ ಹಳೆಯ ಪೇಟೆಯ ಆ ಧರ್ಮಶಾಲೆ ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನ ಮೂರಂತಸ್ತಿನ ಕಟ್ಟಡ. ಮೇಲಿನ ಎರಡು ಅಂತಸ್ತು ಇಳಿದಾಗಿತ್ತು. ನೆಲದಂತಸ್ತಿನ ಮಾಳಿಗೆ, ಅಂದರೆ ಕಬ್ಬಿಣದ ತೊಲೆಗಳ ನಡುವೆ ಕಟ್ಟಿದ ಇಟ್ಟಿಗೆಯ ಸಣ್ಣ ಕಮಾನುಗಳ ಸಾಲು, ಇನ್ನೂ ಉಳಿದಿತ್ತು. ಪೂರ್ವಕ್ಕೆ ಅಂಟಿಕೊಂಡೇ ಒಂದು ವಠಾರ. ಅದರಲ್ಲಿ ಹನ್ನೊಂದು ಸಂಸಾರ.

"ಹಸಿರು," ಎಂದಳು ಗೌರಾ. "ಈ ಪೂರ್ವದ ಗೋಡೆ ಏನೂ ಹೊತ್ತಿಲ್ಲ. ಇವತ್ತು ಇದನ್ನೇ ಇಳಿಸಬಹುದು."

ಅರವತ್ತೊಂದರ ದಾವಲಸಾಬ ಇಪ್ಪತ್ತನೆಯ ವಯಸ್ಸಿನಿಂದ ಇದೇ ಕೆಲಸ ಮಾಡಿದವನು. ಈಗ ಹದಿನೆಂಟು ಮಂದಿ ಕೂಲಿಕಾರರ ಮೇಸ್ತ್ರಿ. ಸುತ್ತಿಗೆಯಿಂದ ಮತ್ತೊಮ್ಮೆ ಗೋಡೆ ಬಡಿದು, ಕಿವಿ ಹಚ್ಚಿ, ಎರಡು ಮಾರು ಆಚೆ ಹೋಗಿ ಮತ್ತೆ ಬಡಿದ.

"ಮೇಡಂ, ಇದು ಒಳಗ ಪೊಳ್ಳ ಐತ್ರಿ."

"ಹಾಗಂದರೆ?"

"ಎರಡು ಮೈ ಗೋಡಿ ಇರಬೇಕ್ರಿ ಇದು. ಈ ಕಡೆ ಒಂದು ಮೈ, ವಠಾರದ ಕಡೆ ಒಂದು ಮೈ, ನಡುವ ಕಲ್ಲಚೂರು ತುಂಬಿರ್ತಾರ. ಆ ಚೂರು ಕುಸದ ಕೆಳಗ ಕುಂತೈತಿ ಅನಸ್ತೈತಿ. ವಠಾರದವರಿಗೆ ಬ್ಯಾರೆ ಗೋಡಿನ ಇರಲಿಕ್ಕಿಲ್ಲ. ಮೊದಲ ಟೇಕು ಕೊಟ್ಟು ಆಮ್ಯಾಲ ಮುಟ್ಟೂಣ್ರಿ."

ಗೌರಾ ನಕ್ಷೆ ತೆರೆದು ನೋಡಿದಳು. ನಗರದ ದಾಖಲೆಯಲ್ಲಿ ಅಲ್ಲಿ ಎರಡು ಗೋಡೆಗಳಿದ್ದವು, ಪಕ್ಕಪಕ್ಕ. ಪರದೆಯಲ್ಲಿ ಹಸಿರು ತುಂಬಿತ್ತು. ಟೇಕು ಕೊಡುವುದೆಂದರೆ ಕಬ್ಬಿಣದ ಆಸರೆ ತರಿಸಬೇಕು. ಅದಕ್ಕೆ ಎರಡು ದಿನ. ಬೀದಿ ಮುಚ್ಚಿ ಆಗಲೇ ಎಂಟು ದಿನವಾಗಿತ್ತು.

"ಒಳಗೆ ತೂಕ ಇದ್ದಿದ್ದರೆ ಯಂತ್ರಕ್ಕೆ ಗೊತ್ತಾಗುತ್ತಿತ್ತು ದಾವಲಸಾಬರೇ. ಆರು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ ಅದು."

"ಸುಳ್ಳ ಅನ್ನಾಂಗಿಲ್ರಿ ನಾ. ಅನಸಿದ್ದ ಹೇಳಿದೆ." ಅವನು ಕೆಳಗೆ ನೋಡಿದ. "ನೀವು ಬರದು ಕೊಟ್ರ ಆತ್ರಿ."

ಗೌರಾ ಪರದೆಯ ಮೇಲೆ ಹೆಬ್ಬೆರಳು ಒತ್ತಿದಳು. ಅದೇ ಒಪ್ಪಿಗೆ.

ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಮೇಲಿನಿಂದ ಏಳನೆಯ ಇಟ್ಟಿಗೆಸಾಲು ತೆಗೆಯುತ್ತಿದ್ದರು. ಹಿಡಿದಿದ್ದ ಭಾರ ಹೋದದ್ದೇ ಗೋಡೆಯ ಈಚೆಯ ಮೈ ಹೊಟ್ಟೆ ಉಬ್ಬಿಸಿತು. ಯಾರಾದರೂ ಕೂಗುವಷ್ಟರಲ್ಲಿ ನಡುಮಟ್ಟದಿಂದ ಒಡೆದು ಸುರಿಯಿತು. ಅದರ ಪೆಟ್ಟಿಗೆ ಪಕ್ಕದ ಮಾಳಿಗೆಯ ಒಂದು ಕಮಾನೂ ಕಳಚಿ ಹಿಂದೆಯೇ ಬಂತು. ಮೇಲಿದ್ದವರು ಸೊಂಟದ ಹಗ್ಗದಲ್ಲಿ ತೂಗಾಡುತ್ತ ಉಳಿದರು. ಕೆಳಗೆ ಇಟ್ಟಿಗೆ ಒಟ್ಟುತ್ತಿದ್ದವಳು ಒಬ್ಬಳೇ, ರೇಣವ್ವ.

ಧೂಳು ಇಳಿದಾಗ ಮೊದಲು ಕಂಡದ್ದು ವಠಾರದ ಗೋಡೆ. ಅದು ಬೇರೆ ಗೋಡೆಯಲ್ಲ, ಇದೇ ಗೋಡೆಯ ಆಚೆಯ ಮೈ. ಒಂದೂವರೆ ಇಟ್ಟಿಗೆ ದಪ್ಪ. ಹನ್ನೊಂದು ಸಂಸಾರದ ಮಾಳಿಗೆಯೆಲ್ಲ ಅದರ ಮೇಲೆ ಕೂತಿತ್ತು. ಅದು ಈಚೆಗೆ ಒಂದು ಗೇಣು ವಾಲಿತ್ತು. ಬೀಳದ ಹಾಗೆ ಅದಕ್ಕೆ ಒತ್ತು ಕೊಟ್ಟು ನಿಂತದ್ದು ಬುಡದಲ್ಲಿ ಬಿದ್ದ ಇಟ್ಟಿಗೆಯ ಗುಡ್ಡೆ. ಆ ಗುಡ್ಡೆಯ ಒಳಗೆ ರೇಣವ್ವ.

"ಕಾಕಾ," ಎಂಬ ದನಿ ಬಂತು. "ಕಾಕಾ, ಕಾಲು."

ದಾವಲಸಾಬ ಹೊಟ್ಟೆಯ ಮೇಲೆ ತೆವಳಿ ಹತ್ತಿರ ಹೋದ. ಮುಖ, ಎದೆ, ಕೈ ಹೊರಗಿದ್ದವು. ಸೊಂಟದ ಕೆಳಗೆ ಕಮಾನಿನ ತುಂಡು. "ಇದ್ದೀನಿ ಮಗಳ. ಅಲಗ್ಯಾಡಬ್ಯಾಡ."

ಒಡೆದ ಗೋಡೆಯ ಒಳಮೈಗೆ, ಗುಡ್ಡೆಗೆ ಗೌರಾಳೇ ಹೊಸ ಮಣಿ ಅಂಟಿಸಿದಳು. ಇಷ್ಟು ದಿನ ಮಣಿಗಳು ಕೇಳಿದ್ದು ಈಚೆಯ ಮೈಯ ಸದ್ದನ್ನು ಮಾತ್ರ. ನಡುವಿನ ಪೊಳ್ಳನ್ನು ಸದ್ದು ದಾಟಿರಲೇ ಇಲ್ಲ. ಯಂತ್ರ ಹೇಳಿದ್ದು ನಿಜವೇ, ತನಗೆ ಕೇಳಿದಷ್ಟನ್ನು. ಈಗ ಪರದೆ ತುಂಬ ಕೆಂಪು. ಮೂಲೆಯಲ್ಲಿ ಒಂದು ಅಂಕಿ: ಗೋಡೆ ವಾಲುತ್ತಿರುವ ವೇಗ ಹೀಗೇ ಇದ್ದರೆ ಐವತ್ತೆರಡು ನಿಮಿಷ.

ವಠಾರದವರನ್ನು ಹತ್ತು ನಿಮಿಷದಲ್ಲಿ ಬೀದಿಗೆ ಇಳಿಸಿದರು. ಆಂಬುಲೆನ್ಸಿನಲ್ಲಿ ಬಂದ ವೈದ್ಯೆ ತೆವಳಿ ಹೋಗಿ ರೇಣವ್ವನ ತೋಳಿಗೆ ಸಲೈನ್ ಹಚ್ಚಿದಳು. ಅಗ್ನಿಶಾಮಕದ ಅಧಿಕಾರಿ ಬಂದು ಪರದೆ ನೋಡಿ, ಗೌರಾಳನ್ನು ಪಕ್ಕಕ್ಕೆ ಕರೆದ.

"ನಮ್ಮ ತುರ್ತಿನ ಆಸರೆ ಕಂಬ ಧಾರವಾಡದಿಂದ ಬರಬೇಕು. ಎರಡು ತಾಸ ಆಗತೈತಿ. ಗುಡ್ಡೆಯಿಂದ ಒಂದು ಇಟ್ಟಿಗೆ ತೆಗೆದರೂ ಗೋಡೆ ಬರತೈತಿ ಅಂತ ನಿಮ್ಮ ಯಂತ್ರನ ಹೇಳತೈತಿ. ಎಲ್ಲರೂ ಹಿಂದಕ್ಕ ಸರೀಬೇಕು ಮೇಡಂ."

"ಅವಳು?"

ಅಧಿಕಾರಿ ಬೀದಿಯ ಕಡೆ ತಿರುಗಿ ತನ್ನವರಿಗೆ ಹಿಂದೆ ಸರಿಯಲು ಕೈಮಾಡಿದ.

ಗೌರಾ ಲೆಕ್ಕವನ್ನು ಮತ್ತೆ ಮತ್ತೆ ನೋಡಿದಳು. ಗುಡ್ಡೆಯ ಯಾವ ಮೂಲೆಯಿಂದ ತೆಗೆದರೂ ಕೆಂಪು ಏರುತ್ತಿತ್ತು. ಕಮಾನಿನ ತುಂಡಿನ ತೂಕ ಆರುನೂರು ಕಿಲೋ. ಇಟ್ಟಿಗೆಗಳು ಹೊತ್ತದ್ದನ್ನೆಲ್ಲ ಕೂಡಿದರೆ ನಾನೂರು. ಉಳಿದ ಇನ್ನೂರು ಎಲ್ಲಿ ಹೋಯಿತೆಂದು ಪರದೆಯಲ್ಲಿ ಹುಡುಕಿ, ಅರ್ಥವಾದದ್ದೇ ಅವಳು ಕಣ್ಣು ಮುಚ್ಚಿಕೊಂಡಳು. ಅದನ್ನು ರೇಣವ್ವನ ಕಾಲು ಹೊತ್ತಿತ್ತು.

ದಾವಲಸಾಬ ಹೊರಗೆ ಬಂದ. ಮೈಯೆಲ್ಲ ಸುಣ್ಣದ ಪುಡಿ. "ಮೇಡಂ, ಕೆಳಗ ತಗೀಲಿಕ್ಕೆ ಬರೂದಿಲ್ಲ ಅಂದ್ರ ಮ್ಯಾಲ ಹೇರೂಣ್ರಿ."

"ಏನು?"

"ಗೋಡಿ ತಲೀಮ್ಯಾಲ ಭಾರ ಇದ್ರ ಕಾಲು ಗಟ್ಟಿ ಊರ್ಕೊಂಡು ನಿಂದರತೈತ್ರಿ. ನಾವು ಮ್ಯಾಲಿಂದು ಇಳಿಸಿದ್ದಕ್ಕ ಹಗೂರಾಗಿ ವಾಲೇದ. ತಗದಿದ್ದು ತಿರುಗಿ ಇಟ್ರ?"

ಗೌರಾ ಯಂತ್ರವನ್ನು ಕೇಳಿದಳು. ಗೋಡೆಯ ತಲೆಯ ಮೇಲೆ, ಆಚೆಯ ಅಂಚಿಗೆ, ನಾಲ್ಕು ಟನ್ನು. ಅಂಕಿ ಐವತ್ತೆರಡರಿಂದ ಇಳಿದು ಮೂವತ್ತೊಂದಕ್ಕೆ ಬಂದಿತ್ತು. ಅದು ನಿಂತಿತು. ಆಮೇಲೆ ಪರದೆಯಲ್ಲಿ ಮೂಡಿದ್ದು ಎರಡು ತಾಸು.

"ಆಗುತ್ತದೆ," ಎಂದಳು. "ಆದರೆ ಅಲ್ಲಿಗೆ ಹೋಗಲು ದಾರಿ ವಠಾರದ ತಾರಸಿಯೊಂದೇ. ಆ ತಾರಸಿಯೇ ಈ ಗೋಡೆಯ ಮೇಲೆ ನಿಂತಿದೆ."

ಅಧಿಕಾರಿ ಬೇಡವೆಂದ. ಯಾರನ್ನೂ ಮೇಲೆ ಬಿಡುವುದಿಲ್ಲ ಎಂದ. ದಾವಲಸಾಬ ಅವನೊಡನೆ ವಾದಕ್ಕೆ ನಿಲ್ಲಲಿಲ್ಲ. ಒಂದು ಚೀಲಕ್ಕೆ ಇಟ್ಟಿಗೆ ತುಂಬಿ, ಹೆಗಲಿಗೆ ಹಾಕಿಕೊಂಡು ವಠಾರದ ಮೆಟ್ಟಿಲು ಹತ್ತಿದ. ಅವನ ಹದಿನೇಳು ಮಂದಿಯೂ ಹತ್ತಿದರು. ಆಮೇಲೆ ವಠಾರದವರು. ಹಿಟ್ಟಿನ ಗಿರಣಿಯವನು, ಪಂಕ್ಚರ್ ತಿದ್ದುವವನು, ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಇಬ್ಬರು ಅಕ್ಕತಂಗಿಯರು. ಬಿಟ್ಟು ಬಂದ ಮನೆಯ ಮೆಟ್ಟಿಲುಗಳನ್ನೇ ತಿರುಗಿ ಹತ್ತುತ್ತಿದ್ದಾರೆಂಬುದು ಅವರಿಗೆ ಗೊತ್ತಿತ್ತು. ಅಧಿಕಾರಿ ಒಂದು ಕ್ಷಣ ನೋಡಿ, ತನ್ನ ಶಿರಸ್ತ್ರಾಣ ಸರಿಪಡಿಸಿಕೊಂಡು ಸಾಲಿನಲ್ಲಿ ನಿಂತ.

ಗೌರಾ ಪರದೆ ಹಿಡಿದು ಗುಡ್ಡೆಯ ಪಕ್ಕದಲ್ಲೇ ಮಂಡಿಯೂರಿ ಕೂಗುತ್ತಿದ್ದಳು. "ಎಡಕ್ಕೆ ಎರಡು ಚೀಲ! ಅಲ್ಲಲ್ಲ, ಈಚೆಯ ಅಂಚಿಗೆ ಬೇಡ! ನಿಧಾನ, ಎಸೆಯಬೇಡಿ, ಇಡಿ!" ಒಂದೊಂದು ಚೀಲ ಕೂತಾಗಲೂ ಗೋಡೆಯಿಂದ ಸುಣ್ಣ ಉದುರಿ ಅವಳ ತಲೆಯ ಮೇಲೆ ಬೀಳುತ್ತಿತ್ತು.

"ಅಕ್ಕಾರ," ಎಂದಳು ರೇಣವ್ವ, ಪಕ್ಕದಿಂದ. "ಅದರಾಗ ನಾ ಕಾಣಸ್ತೀನೇನ್ರಿ?"

ಗೌರಾ ಪರದೆಯನ್ನು ತಿರುಗಿಸಲು ಹೋಗಿ ನಿಲ್ಲಿಸಿದಳು. "ಇಲ್ಲವ್ವ. ಇಟ್ಟಿಗೆ ಮಾತ್ರ ಕಾಣುತ್ತವೆ."

"ನನಗ ಗೊತ್ತಿತ್ರಿ." ಅವಳು ಗೋಡೆಯ ಕಡೆ ಕಣ್ಣು ತಿರುಗಿಸಿದಳು. "ಕಾಕಾ ಮುಂಜಾನೆ ಪೊಳ್ಳ ಐತಿ ಅಂದಿದ್ದ. ನನಗೂ ಹಂಗ ಅನಸಿತ್ತು. ಧೂಳು ಏಳಬಾರ್ದಂತ ನೀರು ಹಾಕಿದ್ರ ಕೆಳಗ ಬರತಿದ್ದಿಲ್ಲ, ಒಳಗ ಒಳಗ ಕುಡೀತಿತ್ತು ಗೋಡಿ."

"ನೀನು ಯಾಕೆ ಹೇಳಲಿಲ್ಲ?"

"ನನ್ನ ಯಾರು ಕೇಳ್ತಾರ್ರಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನೀರು ಹರಿಯುವುದು ಕೆಳಕ್ಕೆ ಎಂದಂತೆ ಹೇಳಿದಳು ಅಷ್ಟೇ.

ಹನ್ನೆರಡೂವರೆಯ ಹೊತ್ತಿಗೆ ಕೆಂಪು ಹಳದಿಗೆ ತಿರುಗಿತು. ದಾವಲಸಾಬ ಮತ್ತು ಇನ್ನಿಬ್ಬರು ಇಳಿದು ಬಂದು ಗುಡ್ಡೆಯ ಪಶ್ಚಿಮದ ಅಂಚಿನಿಂದ ಒಂದೊಂದೇ ಇಟ್ಟಿಗೆ ಬಿಡಿಸತೊಡಗಿದರು. ತೆಗೆದ ಜಾಗಕ್ಕೆ ಕೂಡಲೇ ಮರದ ದಿಮ್ಮಿ ಕೊಟ್ಟು ಬಿಗಿದರು. ಗೌರಾ ಅಂಕಿಯನ್ನು ಗಟ್ಟಿಯಾಗಿ ಓದುತ್ತಲೇ ಇದ್ದಳು. ಎರಡು ಸಲ ಗೋಡೆ ಕರಕರ ಎಂದಿತು. ಎರಡು ಸಲವೂ ಎಲ್ಲರೂ ಕಲ್ಲಾಗಿ ನಿಂತರು, ಯಾರೂ ಓಡಲಿಲ್ಲ. ಒಂದೂಕಾಲಕ್ಕೆ ಕಮಾನಿನ ತುಂಡನ್ನು ಹಾರೆಯಿಂದ ನಾಲ್ಕು ಬೆರಳೆತ್ತಿ ರೇಣವ್ವನನ್ನು ಎಳೆದುಕೊಂಡರು. ವೈದ್ಯೆ ಅವಳ ಕಾಲಿಗೆ ಪಟ್ಟಿ ಕಟ್ಟಿ ಆಂಬುಲೆನ್ಸಿಗೆ ಏರಿಸಿದಳು. ಆಸರೆ ಕಂಬಗಳು ಬಂದು ಗೋಡೆಗೆ ನಿಂತವು. ವಠಾರ ಉಳಿಯಿತು. ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಮೂರನೆಯ ದಿನ ರೇಣವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎರಡೂವರೆ ತಾಸು ಜಜ್ಜಿ ಹೋಗಿದ್ದ ಮಾಂಸಖಂಡದ ವಿಷ, ಭಾರ ಎತ್ತಿದ ಮೇಲೆ, ರಕ್ತದಲ್ಲಿ ಹರಿದು ಮೂತ್ರಪಿಂಡಗಳನ್ನು ಕೆಡಿಸಿತ್ತು. ವೈದ್ಯರು ಕೈಲಾದದ್ದನ್ನೆಲ್ಲ ಮಾಡಿದ್ದರು. ದಫನದ ದಿನ ದಾವಲಸಾಬ ಗುಂಡಿಯ ಮಣ್ಣನ್ನು ತಾನೇ ತೋಡಿದ. ಗೌರಾ ದೂರ ನಿಂತಿದ್ದಳು. ಹತ್ತಿರ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ.

ವಿಚಾರಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುವಂತಿತ್ತು. "ಯಂತ್ರ ಹಸಿರು ತೋರಿಸಿದ ದಾಖಲೆ ಇದೆ," ಎಂದರು ವಿಚಾರಣಾಧಿಕಾರಿ. "ನಗರದ ನಕ್ಷೆಯೂ ತಪ್ಪಿತ್ತು. ನಿಮ್ಮಿಂದ ನಿಯಮಭಂಗ ಆಗಿಲ್ಲ ಡಾಕ್ಟರೇ. ಇದು ಆಕಸ್ಮಿಕ."

"ಅಲ್ಲ," ಎಂದಳು ಗೌರಾ. "ಬೆಳಗ್ಗೆ ಒಬ್ಬರು ನನಗೆ ಹೇಳಿದ್ದರು. ಗೋಡೆ ಎಂಥದು, ಒಳಗೆ ಏನಾಗಿದೆ, ಮೊದಲು ಏನು ಮಾಡಬೇಕು, ಎಲ್ಲವನ್ನೂ. ನನಗೆ ಕೇಳಿಸಿತ್ತು. ಪರದೆ ನೋಡಿ ಬೇಡ ಎಂದೆ. ಹಾಗೆಂದು ಬರೆದುಕೊಳ್ಳಿ."

ಅಧಿಕಾರಿ ಬರೆದುಕೊಳ್ಳಲು ಹಿಂಜರಿದರು. ಅವಳು ಕಾಗದ ಎಳೆದುಕೊಂಡು ತಾನೇ ಬರೆದು ಸಹಿ ಹಾಕಿದಳು. ಭಾರದರ್ಶಿ ರೂಪಿಸಿದ ಸಂಶೋಧನಾಲಯದ ಮುಖ್ಯಸ್ಥೆಯ ಹುದ್ದೆ ಅದರೊಂದಿಗೇ ಹೋಯಿತು.

ಭಾರದರ್ಶಿಯನ್ನು ಅವಳು ಬಿಡಲಿಲ್ಲ. ಪೊಳ್ಳು ಗೋಡೆಯ ಒಳಗೂ ಕೇಳುವಂತೆ ಹೊಸ ಮಣಿಗಳನ್ನು ಮಾಡಲು ಎರಡು ವರ್ಷ ಹಿಡಿಯಿತು. ಅದರ ಜೊತೆ ಇನ್ನೊಂದು ಬದಲಾವಣೆ ಮಾಡಿದಳು, ಅದಕ್ಕೆ ಹಿಡಿದದ್ದು ಅರ್ಧ ದಿನ. ಯಂತ್ರ ಬಣ್ಣ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಈ ಗೋಡೆಯ ಬಗ್ಗೆ ನಿಮಗೇನನ್ನಿಸುತ್ತದೆ? ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಇಟ್ಟಿಗೆ ಒಟ್ಟುವವರೂ ನೀರು ಹಾಕುವವರೂ, ತಮ್ಮ ಬಾಯಲ್ಲೇ ಉತ್ತರ ಹೇಳಬೇಕು. ಒಬ್ಬರು ಬೇಡ ಎಂದರೂ ಟೇಕು ಕೊಡುವ ತನಕ ಯಂತ್ರ ತೆರೆಯುವುದಿಲ್ಲ.

ಮೊದಲ ವರ್ಷ ರಾಜ್ಯದಲ್ಲಿ ಇನ್ನೂರ ಹನ್ನೆರಡು ಕಡೆ ಕೆಲಸ ನಿಂತಿತು. ಗುತ್ತಿಗೆದಾರರು ಬೈದರು. ಆಮೇಲೆ ಆ ಗೋಡೆಗಳನ್ನೆಲ್ಲ ಬಿಚ್ಚಿ ನೋಡಿದಾಗ ನೂರ ಎಂಬತ್ತೊಂಬತ್ತು ಕಡೆ ಕೂಲಿಕಾರರು ಹೇಳಿದ್ದು ನಿಜವಾಗಿತ್ತು.

ಆ ವರದಿಯನ್ನು ಹಿಡಿದುಕೊಂಡು ಗೌರಾ ದಾವಲಸಾಬನ ಮನೆಗೆ ಹೋದಳು. ಅವನು ಕೆಲಸ ಬಿಟ್ಟು ವರ್ಷವಾಗಿತ್ತು. ಅವನ ಹೆಂಡತಿ ಚಹಾ ತಂದಿಟ್ಟಳು. ಗೌರಾ ಓದಿ ಹೇಳಿದ್ದನ್ನು ಅವನು ಪೂರ್ತಿ ಕೇಳಿದ.

"ನೂರಾ ಎಂಬತ್ತೊಂಬತ್ತು," ಎಂದ. "ಇದಕ್ಕ ಯಂತ್ರ ಯಾಕ ಬೇಕಿತ್ರಿ ಮೇಡಂ?"

ಗೌರಾ ವರದಿಯನ್ನು ಮಡಚಿದಳು.

"ನಾ ಈ ಕೆಲಸಕ್ಕ ಹತ್ತಿದ್ದು ಎರಡು ಸಾವಿರದ ಇಪ್ಪತ್ತರ ದಶಕದಾಗ್ರಿ. ಆವಾಗ ಮಣಿ ಇರಲಿಲ್ಲ, ಪರದೆ ಇರಲಿಲ್ಲ. ಆದ್ರ ಟೇಕಿನ ಕಟಗಿ ಇದ್ದೂ, ಹಗ್ಗ ಇದ್ದೂ, ನಮಗ ಕಿವಿ ಇದ್ದೂ. ಗೋಡಿ ಮ್ಯಾಲ ನಿಂತು ಅದ ಗೋಡಿಗೆ ಸುತ್ತಿಗಿ ಹಾಕ್ತಿದ್ವಿ. ದಿನಾ ಸಾವಿರ ಮಂದಿ ಮೂಗಿಗೆ ಕರ್ಚೀಪ ಹಿಡಕೊಂಡು ದಾಟತಿದ್ರು. 'ಎಷ್ಟು ದಿನಕ್ಕ ಮುಗಸ್ತಿ' ಅಂತ ಎಲ್ಲಾರೂ ಕೇಳ್ತಿದ್ರು." ಅವನು ಲೋಟ ಕೆಳಗಿಟ್ಟ. "ನಿನಗೇನ ಅನಸ್ತೈತಿ ಅಂತ ಒಬ್ಬರರ ಕೇಳಿದ್ದು ನನಗ ನೆನಪಿಲ್ಲ."